ಪೇ ಸ್ಟಬ್ ಬೇಡ ಅನ್ನುವವನ ಹತ್ತಿರ ಹೋಗಬೇಡಿ

ಅಮೆರಿಕದಲ್ಲಿರುವ ಕನ್ನಡದವರು, ಅದರಲ್ಲೂ ದಕ್ಷಿಣ ಕ್ಯಾಲಿಫೋರ್ನಿಯಾದವರು, ದಯವಿಟ್ಟು ಇದನ್ನು ಪೂರ್ತಿ ಓದಿ. ದಿವಾಳಿ ಅರ್ಜಿಯ ವಿಷಯ ನಮ್ಮಲ್ಲಿ ಯಾರೂ ಬಾಯಿ ಬಿಡಲ್ಲ. ಯುಗಾದಿ ಊಟಕ್ಕೆ ಸೇರಿದಾಗ ಯಾರ ಮನೆ ಎಷ್ಟಕ್ಕೆ ಮಾರಾಟವಾಯಿತು ಅಂತ ಮಾತಾಡುತ್ತೇವೆ. ಯಾರ ಕಾರ್ಡಿನಲ್ಲಿ ಎಷ್ಟು ಬಾಕಿ ಅನ್ನುವ ಮಾತು ಬರುವುದೇ ಇಲ್ಲ. ದಿವಾಳಿ ಅರ್ಜಿ ತುಂಬಿಕೊಡುತ್ತೇನೆ ಅಂತ ನನ್ನನ್ನು ಮುಳುಗಿಸಿದ ಮನುಷ್ಯನ ಹೊಟ್ಟೆ ತುಂಬುತ್ತಿರುವುದೇ ಈ ನಾಚಿಕೆಯಿಂದ. ನಾಚಿಕೆ ನನಗೂ ಇದೆ, ಅದಕ್ಕೇ ಹೆಸರು ಹಾಕಿಲ್ಲ. ಆದ್ರೆ ಸಿಟ್ಟು ಅದಕ್ಕಿಂತ ಜಾಸ್ತಿ ಇದೆ.

ನನ್ನ ಕೆಲಸ ಹೋಯಿತು. ಹೆಂಡತಿಯ ಆಪರೇಷನ್ ಬಿಲ್ಲೆಲ್ಲ ಕಾರ್ಡುಗಳ ಮೇಲಿತ್ತು. ಚಿಕ್ಕ ಸಂಬಳದ ಹೊಸ ಕೆಲಸ ಸಿಕ್ಕಿತು, ಸಂಜೆ ಊಟದ ಡೆಲಿವರಿ ಶುರು ಮಾಡಿದೆ. ಅಷ್ಟರಲ್ಲಿ ಒಂದು ಕಾರ್ಡಿನವರು ಕೇಸು ಗೆದ್ದು ಸಂಬಳಕ್ಕೇ ಕೈ ಹಾಕಿದರು. ಚಾಪ್ಟರ್ 7, ಅಂದ್ರೆ ಸಾಲ ಮನ್ನಾ ಕೇಳುವ ದಿವಾಳಿ ಅರ್ಜಿ, ಬಿಟ್ಟರೆ ದಾರಿ ಇರಲಿಲ್ಲ. ಲಾಯರ್ ಫೀಸು ಕೇಳಿ ಸುಸ್ತಾಗಿದ್ದಾಗ ಪರಿಚಯದವರೊಬ್ಬರು ಈ ಮಹಾಶಯನ ನಂಬರ್ ಕೊಟ್ಟರು. ಲಾಯರ್ ಅಲ್ಲ, ಪಿಟಿಷನ್ ಪ್ರಿಪೇರರ್. ಅಂದ್ರೆ ನಾವು ಹೇಳಿದ್ದನ್ನು ಫಾರಂನಲ್ಲಿ ಟೈಪ್ ಮಾಡಿ ಕೊಡುವವನು. ಅದು ತಪ್ಪಲ್ಲ, ಕಾನೂನಿನಲ್ಲಿ ಅವಕಾಶ ಇದೆ. ಆದ್ರೆ ಅಂಥವರು ಕಾನೂನು ಸಲಹೆ ಕೊಡುವ ಹಾಗಿಲ್ಲ. ಕೋರ್ಟಿನ ಫೀಸನ್ನು ಮುಟ್ಟುವ ಹಾಗಿಲ್ಲ. ತುಂಬಿದ ಫಾರಂಗೆ ತಮ್ಮ ಹೆಸರು, ಸಹಿ ಹಾಕಲೇಬೇಕು. ನಮ್ಮ ಕಡೆಯ ಕೋರ್ಟು ಇವರ ಕೂಲಿಗೆ 200 ಡಾಲರ್ ಮಿತಿ ಹಾಕಿದೆ. ಇವನು ತಗೊಂಡಿದ್ದು 650. ಕೋರ್ಟಿನ 338 ಡಾಲರ್ ಬೇರೆ, ಅದನ್ನೂ ಝೆಲ್‌ನಲ್ಲಿ (ಫೋನಿನಿಂದ ಹಣ ಕಳಿಸುವ ವ್ಯವಸ್ಥೆ) ತನಗೇ ಹಾಕಿಸಿಕೊಂಡ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು.

ಮೊದಲ ಭೇಟಿಗೇ ನಾನು ಫೈಲು ಹಿಡಿದುಕೊಂಡು ಹೋಗಿದ್ದೆ. ಹಳೇ ಕಂಪನಿಯ ಕೊನೆಯ ಪೇ ಸ್ಟಬ್‌ಗಳು (ಪ್ರತಿ ಸಂಬಳದ ಜೊತೆ ಬರುವ ಚೀಟಿ) ಮಾತ್ರ ಇರಲಿಲ್ಲ. ಕೆಲಸದಿಂದ ತೆಗೆದ ದಿನವೇ ಪೋರ್ಟಲ್ ಲಾಗಿನ್ ಮುಚ್ಚಿದ್ದರು. ಎಚ್‌ಆರ್‌ಗೆ ಬರೆದು ತರಿಸಲಾ ಅಂತ ಕೇಳಿದೆ.

"ಏನೂ ಬೇಡ ಬ್ರದರ್. ಡಬ್ಲ್ಯೂ-2 ಇದೆ ತಾನೇ? ವರ್ಷದ ಆದಾಯ ಗೊತ್ತಾದರೆ ಅವರಿಗೆ ಸಾಕು."

ಸಾಕಾಗಲ್ಲ! ಡಬ್ಲ್ಯೂ-2 ಅಂದ್ರೆ ಕಂಪನಿ ವರ್ಷಕ್ಕೊಮ್ಮೆ ಕೊಡುವ ಸಂಬಳದ ಲೆಕ್ಕ, ಅದು ಹೋದ ವರ್ಷದ ಕಥೆ. ಕೋರ್ಟಿಗೆ ಬೇಕಿರುವುದು ಅರ್ಜಿ ಹಾಕುವ ಮುಂಚಿನ 60 ದಿನಗಳಲ್ಲಿ ಯಾವ್ಯಾವ ಕಂಪನಿಯಿಂದ ಸಂಬಳ ಬಂತೋ ಅದರ ಪೇ ಸ್ಟಬ್. ಹಳೇ ಕಂಪನಿ, ಹೊಸ ಕಂಪನಿ, ಎರಡರದ್ದೂ. ಅರ್ಜಿ ಹಾಕಿದ 45 ದಿನಗಳೊಳಗೆ ಅದು ಸೇರದಿದ್ದರೆ 46ನೇ ದಿನ ಕೇಸು ತಾನಾಗೇ ವಜಾ. ಹೆಚ್ಚು ಟೈಮ್ ಬೇಕಾದರೆ ಅದನ್ನೂ ಆ 45 ದಿನಗಳೊಳಗೇ ಕೇಳಬೇಕು.

ಡೆಲಿವರಿ ದುಡ್ಡಿನ ಬಗ್ಗೆ ಅವನು ಹೇಳಿದ್ದು ಕೇಳಿ. "ಅದು ಸಂಬಳ ಅಲ್ಲ ಬ್ರದರ್, ಟಿಪ್ಸ್ ಇದ್ದ ಹಾಗೆ. ಬರೆದರೆ ಸುಮ್ನೆ ತಲೆನೋವು." ಇಲ್ಲ, ಬರೆಯಿರಿ ಅಂದೆ. ಆಯ್ತು ಅಂದ. ಸಹಿ ಮಾಡಿಸಲು ಬಂದಾಗ ಸಹಿ ಹಾಕುವ ಪುಟಗಳನ್ನು ಮಾತ್ರ ತಂದಿದ್ದ. "ಉಳಿದದ್ದು ಆಗಲೇ ಸ್ಕ್ಯಾನ್ ಆಗಿದೆ" ಅಂದ.

ಆರು ತಿಂಗಳ ಲೆಕ್ಕದ ಬಗ್ಗೆಯೂ ಹೇಳಬೇಕು. ಅರ್ಜಿ ಹಾಕುವ ತಿಂಗಳನ್ನು ಬಿಟ್ಟು ಅದರ ಹಿಂದಿನ ಆರು ಪೂರ್ತಿ ತಿಂಗಳಲ್ಲಿ ಬಂದ ಹಣದ ಸರಾಸರಿ ತೆಗೆದು ಮೀನ್ಸ್ ಟೆಸ್ಟ್, ಅಂದ್ರೆ ಚಾಪ್ಟರ್ 7ಕ್ಕೆ ಅರ್ಹರಾ ಅನ್ನುವ ಆದಾಯ ಪರೀಕ್ಷೆ, ಮಾಡುತ್ತಾರೆ. ಕೆಲಸದಿಂದ ತೆಗೆದಾಗ ನನಗೆ ಬಂದ ಸೆವರೆನ್ಸ್ (ಪರಿಹಾರದ) ದುಡ್ಡು ಆ ಆರು ತಿಂಗಳ ಒಳಗೇ ಬಿದ್ದಿತ್ತು. ಸ್ವಲ್ಪ ಕಾದು ಹಾಕಿದ್ದರೆ ಅದು ಲೆಕ್ಕದಿಂದ ಹೊರಗೆ ಹೋಗಿ ಸರಾಸರಿ ಇಳಿಯುತ್ತಿತ್ತು. ಇವನು ಮಾಡಿದ ಲೆಕ್ಕ ಏನು ಗೊತ್ತಾ? ಡಬ್ಲ್ಯೂ-2 ಮೊತ್ತವನ್ನು ಹನ್ನೆರಡರಿಂದ ಭಾಗಿಸಿದ್ದು. ಅಷ್ಟೇ! ಐದನೇ ಕ್ಲಾಸಿನ ಹುಡುಗ ಮಾಡುವ ಲೆಕ್ಕಕ್ಕೆ 650 ಡಾಲರ್.

ಆಮೇಲೆ ಟ್ರಸ್ಟಿ, ಅಂದ್ರೆ ನನ್ನ ಕೇಸನ್ನು ಪರಿಶೀಲಿಸಲು ನೇಮಕವಾದವರ ಜೊತೆ ಮೀಟಿಂಗ್ ಬಂತು. ಝೂಮ್‌ನಲ್ಲಿ. ಸತ್ಯ ಹೇಳುತ್ತೇನೆ ಅಂತ ಪ್ರಮಾಣ ಮಾಡಿಸುತ್ತಾರೆ. ಟ್ರಸ್ಟಿ ಮೊದಲು ಪೇ ಸ್ಟಬ್ ಎಲ್ಲಿ ಅಂತ ಕೇಳಿದರು. ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದು, ವಾರ ವಾರ ಬರುತ್ತಿರುವ ಈ ಹಣ ಯಾವುದು, ಫಾರಂನಲ್ಲಿ ಯಾಕಿಲ್ಲ ಅಂದರು. ಫಾರಂ ತುಂಬಲು ಯಾರಾದರೂ ಸಹಾಯ ಮಾಡಿದರಾ ಅಂತಲೂ ಕೇಳಿದರು. ಹಿಂದಿನ ರಾತ್ರಿಯೇ ಅವನ ಮೆಸೇಜ್ ಬಂದಿತ್ತು: "ಕೇಳಿದರೆ ನೀವೇ ತುಂಬಿದ್ದು ಅನ್ನಿ." ಆಗ ಹೊಳೆಯಿತು. ಇವನ ಹೆಸರು ಯಾವ ಪುಟದಲ್ಲೂ ಇಲ್ಲ. ಸಹಿ ಇರುವುದು ನನ್ನದು ಮಾತ್ರ. ಆದಾಯ ಮುಚ್ಚಿಟ್ಟ ಅಂತ ಯಾರಾದರೂ ಹೇಳಿದರೆ ಸಿಕ್ಕಿಬೀಳುವುದು ನಾನು. ಬೇಕೆಂದೇ ಸುಳ್ಳು ಬರೆದರೆ ಐದು ವರ್ಷದವರೆಗೆ ಜೈಲು. ಪಕ್ಕದ ಕೋಣೆಯಲ್ಲಿ ಹೆಂಡತಿ, ಮಗಳು ಇದ್ದಾರೆ, ನಾನಿಲ್ಲಿ ಪರದೆಯ ಮುಂದೆ ಕಳ್ಳನ ಹಾಗೆ ಬೆವರುತ್ತಿದ್ದೇನೆ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಟ್ರಸ್ಟಿ ಕೂಗಾಡಲಿಲ್ಲ. ಎಲ್ಲ ಸರಿಮಾಡಿ ಹಾಕಿ, ಪೇ ಸ್ಟಬ್ ಕಳಿಸಿ ಅಂದರು.

ಎಚ್‌ಆರ್‌ನವರ ಬೆನ್ನು ಬಿದ್ದು ಪೇ ಸ್ಟಬ್ ತರಿಸಿದೆ. ಇವನಿಗೆ ಕಳಿಸಿದೆ. "ಸಿಕ್ತು, ಇವತ್ತೇ ಫೈಲ್ ಮಾಡ್ತೀನಿ" ಅಂದ. ದಾಖಲೆಗಳು ಕಮ್ಮಿ ಇವೆ ಅಂತ ಕೋರ್ಟಿನಿಂದ ನೋಟಿಸ್ ಬಂದಿತ್ತು, ಅದರ ಫೋಟೋ ಕಳಿಸಿದೆ. "ಅದು ಎಲ್ಲರಿಗೂ ಬರೋ ಲೆಟರ್, ತಲೆ ಕೆಡಿಸಿಕೊಳ್ಳಬೇಡಿ." ಮತ್ತೆ ಕೇಳಿದೆ. "ಆಗಿದೆ ಬ್ರದರ್, ನಂಬಿಕೆ ಇಲ್ವಾ?"

ಆಗಿರಲಿಲ್ಲ. ಕೇಸು ವಜಾ ಆಯಿತು.

ಆಮೇಲಿನ ಉತ್ತರಗಳನ್ನು ನೋಡಿ. ಮೊದಲು, "ಕೋರ್ಟಿನವರದ್ದೇ ಮಿಸ್ಟೇಕ್ ಇರಬೇಕು." ಆಮೇಲೆ, "ನೀವು ಲೇಟಾಗಿ ಕೊಟ್ಟಿರಿ." ದುಡ್ಡು ವಾಪಸ್ ಕೇಳಿದ್ದಕ್ಕೆ, "ನಾನು ಲಾಯರ್ ಅಲ್ಲ ಅಂತ ಮೊದಲೇ ಹೇಳಿದ್ದೆ ಅಲ್ವಾ? ಕಾನೂನು ವಿಷಯ ನನ್ನನ್ನ ಯಾಕೆ ಕೇಳ್ತೀರಿ?" ಕೊನೆಗೆ ಬಂದದ್ದು ಇದು: "ಹೊಸದಾಗಿ ಹಾಕೋಣ, ನಿಮಗಾಗಿ 500ಕ್ಕೆ ಮಾಡಿಕೊಡ್ತೀನಿ." ನಿಮಗಾಗಿ ಅಂತೆ!

ಅರ್ಜಿ ಹಾಕಿದಾಗ ನಿಂತಿದ್ದ ಸಂಬಳ ಕಟ್, ಅದು ಬಿದ್ದುಹೋದ ಮೇಲೆ ಮತ್ತೆ ಶುರುವಾಯಿತು. 338 ಡಾಲರ್ ವಾಪಸ್ ಬರಲ್ಲ. ಒಂದು ವರ್ಷದೊಳಗೆ ಇನ್ನೊಂದು ಸಲ ಹಾಕಿದರೆ ಸಾಲ ಕೊಟ್ಟವರನ್ನು ತಡೆಯುವ ರಕ್ಷಣೆ 30 ದಿನ ಮಾತ್ರ. ಅದು ಮುಂದುವರಿಯಬೇಕಾದರೆ ಆ 30 ದಿನದೊಳಗೆ ಕೋರ್ಟಿನ ಮುಂದೆ ಕಾರಣ ಹೇಳಿ ಒಪ್ಪಿಸಬೇಕು. ಈಗ ಲೀಗಲ್ ಏಡ್ ಮೂಲಕ ಸಿಕ್ಕ ಲಾಯರಮ್ಮ ನೋಡಿಕೊಳ್ಳುತ್ತಿದ್ದಾರೆ. ಒಂದು ಪೈಸೆ ತಗೊಂಡಿಲ್ಲ.

ಅವರು ಮೊದಲ ದಿನವೇ ಕೇಳಿದ್ದು ಏನೇನು ಅಂದರೆ, ಆರು ತಿಂಗಳ ಎಲ್ಲ ಪೇ ಸ್ಟಬ್, ಸೆವರೆನ್ಸ್ ಪತ್ರ, ಡೆಲಿವರಿ ಆ್ಯಪಿನ ತಿಂಗಳವಾರು ಗಳಿಕೆ ಮತ್ತು ಪೆಟ್ರೋಲ್ ಖರ್ಚು, ಬ್ಯಾಂಕ್ ಸ್ಟೇಟ್‌ಮೆಂಟ್, ಹೋದ ವರ್ಷದ ಟ್ಯಾಕ್ಸ್ ರಿಟರ್ನ್. ರಿಟರ್ನ್ ಪ್ರತಿ ಇಲ್ಲದಿದ್ದರೆ ತೆರಿಗೆ ಇಲಾಖೆಯಾದ ಐಆರ್‌ಎಸ್ ಸೈಟಿನಿಂದ ಟ್ರಾನ್ಸ್‌ಕ್ರಿಪ್ಟ್ (ಅದರ ಸಾರಾಂಶ) ಬಿಟ್ಟಿ ಸಿಗುತ್ತದೆ. ಮೀಟಿಂಗಿಗೆ ಏಳು ದಿನ ಮುಂಚೆ ರಿಟರ್ನ್ ಅಥವಾ ಟ್ರಾನ್ಸ್‌ಕ್ರಿಪ್ಟ್ ಟ್ರಸ್ಟಿ ಕೈ ಸೇರಬೇಕು. ಪೇ ಸ್ಟಬ್‌ನಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದು ಅಳಿಸಿ ಕೊಡಿ. ಕೆಲಸ ಹೋಗುವ ಸೂಚನೆ ಸಿಕ್ಕ ತಕ್ಷಣ, ಲಾಗಿನ್ ಮುಚ್ಚುವ ಮೊದಲೇ, ಪೇ ಸ್ಟಬ್‌ಗಳನ್ನೆಲ್ಲ ಇಳಿಸಿಕೊಂಡು ಬಿಡಿ. ಫೀಸು ಕಟ್ಟಲು ಆಗದಿದ್ದರೆ ಕೋರ್ಟಿಗೇ ಕೇಳಿ, ಕಂತಿನಲ್ಲಿ ಕಟ್ಟಬಹುದು. ಆದಾಯ ತೀರಾ ಕಡಿಮೆ ಇದ್ದರೆ ಮನ್ನಾ ಮಾಡಲೂಬಹುದು. ಫಾರಂ ಎಲ್ಲ ಕೋರ್ಟಿನ ಸೈಟಿನಲ್ಲಿ ಬಿಟ್ಟಿ ಇದೆ.

ದಿವಾಳಿ ಕೇಸುಗಳ ಮೇಲೆ ಕಣ್ಣಿಡುವ ಸರ್ಕಾರದ ಯು.ಎಸ್. ಟ್ರಸ್ಟಿ ಕಚೇರಿಗೆ ಅವನ ಮೇಲೆ ದೂರು ಕೊಟ್ಟಿದ್ದೇನೆ, ಮೆಸೇಜು, ಝೆಲ್ ರಸೀದಿ ಎಲ್ಲ ಲಗತ್ತಿಸಿ. ತನ್ನ ಹೆಸರು ಹಾಕದೆ ಫಾರಂ ತುಂಬಿಕೊಟ್ಟು, ಕೋರ್ಟಿನ ಫೀಸನ್ನೂ ತನಗೇ ಕಳಿಸಿ ಅಂದವನು ನಿಮಗೂ ಸಿಕ್ಕಿದ್ದರೆ ಅವನ ಮೆಸೇಜು ಅಳಿಸಬೇಡಿ. ನೀವೂ ದೂರು ಕೊಡಿ.