ಗಣಪತಿ ಎಲ್ಲಿಗೆ ಬಂತು? ಡಿಜೆ, ಡೊಳ್ಳು, ಚಂಡೆ, ವಾಲಗ: ನಮ್ಮೂರಲ್ಲಿ ಕರೆಸಿ ನೋಡಿದ್ದು

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರು. 40 ಮನೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಅಡಿಕೆ ತೋಟ, ಗದ್ದೆ, ಇಲ್ಲವೇ ಒಂದು ಗುಡ್ಡ. ಶಾಲೆ ಬಯಲಿನಲ್ಲಿ ಗಣಪತಿ ಕೂರಿಸುತ್ತೇವೆ. ಐದನೇ ದಿನ ಹೊಳೆಗೆ ಬಿಡುತ್ತೇವೆ. ಬಯಲಿನಿಂದ ಹೊಳೆಗೆ 3 ಕಿಲೋಮೀಟರ್ ದಾರಿ. ಆ ದಾರಿಗೆ ಯಾವ ವಾದ್ಯ ಕರೆಸಬೇಕು ಅನ್ನುವ ಮಾತು ಪ್ರತಿ ವರ್ಷ ಆಷಾಢದಲ್ಲೇ ಶುರುವಾಗುತ್ತದೆ. 2017ರಿಂದ ನಾನು ಸಮಿತಿಯಲ್ಲಿದ್ದೇನೆ. ಅಲ್ಲಿಂದ ಇಲ್ಲಿಯವರೆಗೆ ಒಂದೊಂದು ವರ್ಷ ಒಂದೊಂದನ್ನು ಕರೆಸಿ ನೋಡಿದ್ದೇವೆ. ಬೇರೆ ಊರಿನ ಸಮಿತಿಯವರು ಕೇಳುತ್ತಿರುತ್ತಾರೆ, ಯಾವುದು ಚೆನ್ನಾಗಿತ್ತು ಅಂತ. ಅವರಿಗಾಗಿ ಇದು.

ಯಾವುದು ಚೆನ್ನ ಎಂದು ಅಳೆಯಲು ನನಗೆ ಒಂದು ಅಳತೆ ಸಿಕ್ಕಿದೆ. ಅದು ಮೇಲಿನಮನೆ ದೊಡ್ಡಮ್ಮ. ವಯಸ್ಸು 82. ಮಂಡಿ ನೋವು, ಬಯಲಿಗೆ ಬರಲು ಆಗುವುದಿಲ್ಲ. ಅವರ ಮನೆ ಹೊಳೆಗೆ ಹೋಗುವ ದಾರಿಯಲ್ಲಿ, ಏರು ಮುಗಿಯುವ ಕಡೆ ಇದೆ. ಗಣಪತಿ ಬಂದಾಗ ಪ್ರತಿ ಮನೆಯವರೂ ದಣಪೆ, ಅಂದರೆ ಅಂಗಳದ ಬೇಲಿಯ ಬಾಗಿಲು, ಅದರ ಹತ್ತಿರ ನಿಂತು ಹಣ್ಣುಕಾಯಿ ಕೊಡಬೇಕು, ಆರತಿ ಎತ್ತಬೇಕು. ದೊಡ್ಡಮ್ಮ ಜಗಲಿಯಿಂದ ಎದ್ದು, ದೀಪ ಹಚ್ಚಿ, ಕೋಲು ಊರಿಕೊಂಡು ದಣಪೆಗೆ ಬರಲು ಕಾಲು ಗಂಟೆ ಬೇಕು. ಹಾಗಾಗಿ ಗಣಪತಿ ಎಲ್ಲಿಗೆ ಬಂತು ಅನ್ನುವುದು ಅವರಿಗೆ ಮೊದಲೇ ಗೊತ್ತಾಗಬೇಕು. ಕಣ್ಣಿಗೆ ಕಾಣುವುದಿಲ್ಲ, ನಡುವೆ ಗುಡ್ಡ ಇದೆ. ಕಿವಿಯೊಂದೇ ದಾರಿ.

2017ರಲ್ಲಿ ಡಿಜೆ ತರಿಸಿದೆವು. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಹುಡುಗರ ಆಸೆ ಅದು. ಅರ್ಧ ದುಡ್ಡನ್ನು ಅವರೇ ಹಾಕಿದರು. ಅದರ ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಕುಣಿಯಲು ಏನೂ ಕಲಿತಿರಬೇಕಿಲ್ಲ. ಹಾಡು ಎಲ್ಲರಿಗೂ ಗೊತ್ತಿರುತ್ತದೆ. ಊರಲ್ಲಿ ಇದ್ದೂ ಇಲ್ಲದಂತಿದ್ದ ಎಷ್ಟೋ ಹುಡುಗರು ಅವತ್ತು ಗಣಪತಿಯ ಹಿಂದೆ ಕೊನೆಯವರೆಗೂ ನಡೆದರು. ಅದು ಸಣ್ಣ ವಿಷಯವಲ್ಲ.

ಆದರೆ ನಮ್ಮ ದಾರಿಗೆ ಅದು ಆಗಿಬರಲಿಲ್ಲ. ಮಿನಿ ಲಾರಿ ಮೇಲೆ ಸ್ಪೀಕರ್, ಜನರೇಟರ್. ಏರಿನಲ್ಲಿ ಲಾರಿ ನಿಂತಿತು. ಮಳೆ ಬಂತು, ಟಾರ್ಪಾಲು ಹೊದಿಸಿದರು. ಕೊಟ್ಟಿಗೆಯಲ್ಲಿ ದನ ಬೆದರಿ ಒಬ್ಬರ ಮನೆಯಲ್ಲಿ ಹಗ್ಗ ಕಿತ್ತುಕೊಂಡು ಓಡಿತು. ಹಳೇ ಮನೆಗಳ ಹಂಚು ಅದುರುವುದನ್ನು ನಾನೇ ನಿಂತು ನೋಡಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮವೇ ಇದೆ. ಜನ ವಾಸ ಇರುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45 ಅದರ ಮಿತಿ. ನಾವು ಹೊಳೆ ಮುಟ್ಟುವಾಗ ಹತ್ತಾಗುತ್ತಾ ಬಂದಿತ್ತು. ಆಮೇಲೆ ಸುಮ್ನೆ ಗಡಿಬಿಡಿ.

ಮರುದಿನ ದೊಡ್ಡಮ್ಮನ ಮನೆಗೆ ಪ್ರಸಾದ ಕೊಡಲು ಹೋದೆ. ಅವರ ಕಣ್ಣಲ್ಲಿ ನೀರಿತ್ತು. "ಎಂತ ಮಾರಾಯಾ, ದೀಪ ಹಚ್ಚೋ ಹೊತ್ತಿಗೆ ಗಣಪತಿ ದಾಟಿ ಹೋಗಿತ್ತು. ದಡ ದಡ ಅಂತ ಎಲ್ಲಾ ಕಡೆಯಿಂದನೂ ಕೇಳ್ತದೆ, ಎಲ್ಲಿದೆ ಅಂತ ಗೊತ್ತಾಗದೇ ಇಲ್ಲ" ಅಂದರು. ನಿಜ. ಆ ದಪ್ಪ ಸದ್ದು ಗುಡ್ಡಗಳ ನಡುವೆ ತುಂಬಿಕೊಂಡು ಬಿಡುತ್ತದೆ. ಎಷ್ಟು ದೂರ, ಯಾವ ದಿಕ್ಕು, ಏನೂ ತಿಳಿಯುವುದಿಲ್ಲ. ವಾದ್ಯದ ಸದ್ದು ದೊಡ್ಡದಿದ್ದರೆ ಸಾಕು ಅಂದುಕೊಂಡಿದ್ದೆ. ಅವತ್ತಿನಿಂದ ನಾನು ಬೇರೆ ಥರ ಕೇಳಲು ಶುರು ಮಾಡಿದೆ.

2018ರಲ್ಲಿ ಡೊಳ್ಳು. ಶಿವಮೊಗ್ಗ ಜಿಲ್ಲೆಯವರಿಗೆ ಡೊಳ್ಳನ್ನು ಪರಿಚಯಿಸಬೇಕಿಲ್ಲ. ಹಾಲುಮತದವರು ಬೀರೇಶ್ವರನ ಸೇವೆಯಲ್ಲಿ ಉಳಿಸಿಕೊಂಡು ಬಂದ ಕಲೆ ಅದು. 12 ಜನರ ತಂಡ ಬಂತು. ಒಂದು ಬದಿಗೆ ಕೋಲು, ಇನ್ನೊಂದು ಬದಿಗೆ ಅಂಗೈ. ಜೊತೆಗೆ ತಾಳ. ಮೊದಲ ಪೆಟ್ಟು ಬಿದ್ದಾಗ ನನ್ನ ಎದೆಯೊಳಗೆ ಏನೋ ಎದ್ದು ನಿಂತಂತಾಯಿತು. ಒಂದು ಡೊಳ್ಳನ್ನು ಕುತ್ತಿಗೆಗೆ ಹಾಕಿಕೊಂಡು ನೋಡಿದೆ. ನಿಂತಿರುವುದೇ ಕಷ್ಟ. ಅದನ್ನು ಹೊತ್ತು ಇವರು ಹಾರುತ್ತಾರೆ, ಕೂರುತ್ತಾರೆ, ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಬಾರಿಸುತ್ತಾರೆ.

ತೊಂದರೆ ಎರಡು. ಒಂದು, ಜಾಗ. ಡೊಳ್ಳು ಸುತ್ತು ಕಟ್ಟಿ ಕುಣಿಯುವ ಕಲೆ. ಒಂದು ಕಡೆ ತೋಟದ ಬೇಲಿ, ಇನ್ನೊಂದು ಕಡೆ ಚರಂಡಿ ಇರುವ ರಸ್ತೆಯಲ್ಲಿ ಸುತ್ತು ಬರುವುದಿಲ್ಲ. ಎರಡು ಸಾಲಾಗಿ ನಡೆದರು, ಅರ್ಧ ಕಳೆ ಹೋಯಿತು. ಶಿವಮೊಗ್ಗದಲ್ಲಿ ಹಿಂದೂ ಮಹಾಸಭಾ ಗಣಪತಿ ಮೆರವಣಿಗೆಯನ್ನು ಗಾಂಧಿ ಬಜಾರಿನಲ್ಲಿ ನಿಂತು ನೋಡಿದ್ದೇನೆ. ಅಲ್ಲಿ ಜನರೇ ಹಿಂದೆ ಸರಿದು ಡೊಳ್ಳಿಗೆ ಜಾಗ ಮಾಡಿಕೊಡುತ್ತಾರೆ. ಆ ನೋಟವೇ ಬೇರೆ.

ಇನ್ನೊಂದು, ಮಳೆ. ನಮ್ಮ ಕಡೆ ಚೌತಿಗೆ ಮಳೆ ಬಿಟ್ಟಿರುವುದಿಲ್ಲ, ಅಲ್ವಾ. ಡೊಳ್ಳಿನ ಚರ್ಮ ತೇವ ಕುಡಿದರೆ ಸಡಿಲ ಆಗುತ್ತದೆ. ಸದ್ದು ಮಂಕಾಗುತ್ತದೆ. ತಂಡದ ಹಿರಿಯರು ಬಂದ ಕೂಡಲೇ ಕೇಳಿದ್ದು ಕಾಫಿಯನ್ನಲ್ಲ, ಬೆಂಕಿಯನ್ನು. ಶಾಲೆಯ ಹಿಂದೆ ಅಡಿಕೆ ಸಿಪ್ಪೆ ಹಾಕಿ ಬೆಂಕಿ ಮಾಡಿಕೊಟ್ಟೆವು. ಒಂದೊಂದೇ ಡೊಳ್ಳನ್ನು ದೂರದಿಂದ ಕಾಯಿಸಿ, ಹಗ್ಗ ಬಿಗಿದು, ಬೆರಳಲ್ಲಿ ತಟ್ಟಿ ಕೇಳಿದರು. ಡೊಳ್ಳು ಕರೆಸುವ ಸಮಿತಿಯವರು ಒಣ ಸೌದೆ ಮತ್ತು ಮಾಡು ಇರುವ ಒಂದು ಜಾಗ ಇಟ್ಟುಕೊಂಡಿರಬೇಕು. ದಾರಿಯ ಮಧ್ಯದಲ್ಲೂ ಇನ್ನೊಂದು ಅಂಥ ಜಾಗ ಇದ್ದರೆ ಒಳ್ಳೆಯದು. ಇದನ್ನು ಯಾರೂ ಹೇಳಿಕೊಡುವುದಿಲ್ಲ.

ದೊಡ್ಡಮ್ಮನಿಗೆ ಡೊಳ್ಳು ಕೇಳಿತು. ದಿಕ್ಕೂ ಗೊತ್ತಾಯಿತು. ಕೋಲಿನ ಪೆಟ್ಟಿಗೆ ಒಂದು ಅಂಚು ಇರುತ್ತದೆ, ಅದು ತೋಟ ದಾಟಿ ಬರುತ್ತದೆ. ಆದರೆ ಮನೆಮನೆಯ ಮುಂದೆ ನಿಂತು ಕುಣಿದು 3 ಕಿಲೋಮೀಟರಿಗೆ ಐದು ಗಂಟೆ ಹಿಡಿಯಿತು. ದೊಡ್ಡಮ್ಮ ದೀಪ ಹಚ್ಚಿಕೊಂಡು ಎರಡು ಗಂಟೆ ಕಾದರು. ಎಣ್ಣೆ ಎರಡು ಸಲ ಹಾಕಿದರಂತೆ.

2019ರಲ್ಲಿ ಚಂಡೆ. ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಕೊಳ್ಳಬೇಕು. ನಮ್ಮ ಯಕ್ಷಗಾನದ ಚಂಡೆ ಬೇರೆ, ಕೇರಳದ ಚೆಂಡೆ ಬೇರೆ. ಕೇರಳದ್ದು ದೊಡ್ಡದು, ಹೆಗಲಿಗೆ ಹಾಕಿಕೊಂಡು ನಿಂತು ಬಾರಿಸುವಂಥದ್ದು. ನಾವು ಫೋನಿನಲ್ಲಿ ಬರೀ ಚಂಡೆ ಅಂದೆವು. ಆಗುಂಬೆ ಘಾಟಿ ಹತ್ತಿ ಬಂದದ್ದು ಎರಡನೆಯದು. ತಂಡದವರು ತುಂಬಾ ಶ್ರಮ ಹಾಕಿದರು. ಒಂದೇ ಸಮ ಕೈ ಬೀಳುವುದನ್ನು ನೋಡಲು ಚೆಂದ. ಸದ್ದು ಚೂಪು, ದೂರ ಹೋಗುತ್ತದೆ. ಆದರೆ ನನಗೆ ಅರ್ಧ ಗಂಟೆಯ ಮೇಲೆ ಕಿವಿ ಸೋತಿತು. ಏರು, ಇಳಿವು, ಬಿಡುವು ಎಲ್ಲಾ ಅದರಲ್ಲಿ ಇದೆ, ಅದನ್ನು ಕೇಳಲು ದೇವಸ್ಥಾನದ ಅಂಗಳದಂಥ ಜಾಗ ಬೇಕು. ನಡೆಯುವ ದಾರಿಯಲ್ಲಿ ಅವರು ಜೋರು ಭಾಗವನ್ನೇ ಬಾರಿಸಬೇಕಾಗುತ್ತದೆ. ನಾಸಿಕ್ ಬ್ಯಾಂಡನ್ನು ಪಕ್ಕದ ಊರಿನವರು ತರಿಸಿದ್ದರು, ಹೋಗಿ ಕುಣಿದೆ. ಅವರ ಡೋಲಿಗೆ ಪ್ಲಾಸ್ಟಿಕ್ ಹಾಳೆ ಇತ್ತು, ಮಳೆ ಏನೂ ಮಾಡಲಿಲ್ಲ. ಅದೊಂದು ದೊಡ್ಡ ಅನುಕೂಲ. ಬ್ಯಾಂಡ್ ಸೆಟ್ ಮದುವೆ ದಿಬ್ಬಣಕ್ಕೆ ಸರಿ, ಅದನ್ನು ಇಲ್ಲಿ ಸೇರಿಸುವುದಿಲ್ಲ.

ಎರಡು ವರ್ಷ ಕೊರೊನಾ. ಮೆರವಣಿಗೆ ಇಲ್ಲ.

2022ರಲ್ಲಿ ಚೌತಿ ಆಗಸ್ಟ್ 31ಕ್ಕೇ ಬಂತು. ಮಳೆ ಜಾಸ್ತಿ, ಸಮಿತಿಯಲ್ಲಿ ದುಡ್ಡು ಕಮ್ಮಿ. ಹಾಗಾಗಿ ವಾಲಗ ಸಾಕು ಅಂದೆವು. ನಾಗಸ್ವರ ಇಬ್ಬರು, ಡೋಲು ಇಬ್ಬರು, ಶ್ರುತಿಗೆ ಒಬ್ಬರು, ತಾಳಕ್ಕೆ ಒಬ್ಬ ಹುಡುಗ. ಡಿಜೆಗೆ ಕೊಟ್ಟದ್ದರಲ್ಲಿ ಮೂರನೇ ಒಂದು ಪಾಲು ಖರ್ಚು. ಹುಡುಗರಿಗೆ ಬೇಜಾರಾಗಿತ್ತು. ನನಗೂ ಇದು ಕೈಲಾಗದೆ ಮಾಡಿದ ಆಯ್ಕೆ ಅನ್ನಿಸಿತ್ತು.

ಆ ದಿನ ನಾನು ಡೋಲಿನವರ ಪಕ್ಕದಲ್ಲೇ ನಡೆದೆ. ಒಂದು ಕೈಯಲ್ಲಿ ಸಣ್ಣ ಕೋಲು, ಇನ್ನೊಂದು ಕೈಯ ಬೆರಳುಗಳಿಗೆ ಗಟ್ಟಿ ಟೊಪ್ಪಿಗೆಯಂಥದ್ದು ಹಾಕಿಕೊಂಡಿದ್ದರು. ಬಯಲಿನಿಂದ ಹೊರಡುವಾಗ ದಾಸರ ಪದ. ಗದ್ದೆ ಬಯಲಿಗೆ ಬಂದಾಗ ಹುಡುಗರು ಕೇಳಿದರು ಅಂತ ಸಿನಿಮಾ ಹಾಡು. ಅದನ್ನೂ ಒಂದು ಚೂರು ಮುಖ ಸಿಂಡರಿಸದೆ, ಎಷ್ಟು ಚೆಂದ ನುಡಿಸಿದರು! ಹುಡುಗರು ಅದಕ್ಕೂ ಕುಣಿದರು. ಏರು ಶುರುವಾದಾಗ ನಾಗಸ್ವರ ನಿಂತಿತು. ಹತ್ತುತ್ತಾ ಊದಲು ಉಸಿರು ಸಾಲದು. ಡೋಲು ಮಾತ್ರ ಮೆಲ್ಲಗೆ ನಡೆಯಿತು, ನಮ್ಮ ಹೆಜ್ಜೆಯ ಲೆಕ್ಕಕ್ಕೆ. ಏರು ಮುಗಿದ ಮೇಲೆ ಹಿರಿಯ ನಾಗಸ್ವರದವರು ಒಂದು ನಿಮಿಷ ನಿಂತು, ಉಸಿರು ಎಳೆದುಕೊಂಡು, ಉದ್ದಕ್ಕೆ ಒಂದು ಸ್ವರ ಹಿಡಿದರು. ಮಳೆ ಸಣ್ಣಗೆ ಹನಿಯುತ್ತಿತ್ತು.

ತಿರುವು ದಾಟಿ ನೋಡಿದರೆ ದಣಪೆಯ ಹತ್ತಿರ ದೊಡ್ಡಮ್ಮ. ಕೈಯಲ್ಲಿ ತಟ್ಟೆ, ದೀಪ ಉರಿಯುತ್ತಿದೆ, ಸೊಸೆ ಕೊಡೆ ಹಿಡಿದು ನಿಂತಿದ್ದಾಳೆ. "ಪೀಪಿ ನಿಂತು ಡೋಲು ಒಂದೇ ಕೇಳ್ತು. ಏರು ಹತ್ತುತ್ತಿದ್ದಾರೆ ಅಂತ ಗೊತ್ತಾಯ್ತು. ಎದ್ದು ಬಂದೆ" ಅಂದರು. ನಾನು ಏನೂ ಹೇಳಲಿಲ್ಲ. ಗಂಟಲು ಕಟ್ಟಿತ್ತು.

ಯೋಚಿಸಿದರೆ ನಮ್ಮ ಹಳಬರಿಗೆ ಇದು ಗೊತ್ತಿದ್ದ ವಿಷಯ. ದೊಡ್ಡಹಬ್ಬದ, ಅಂದರೆ ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಬರುತ್ತಾರಲ್ಲ, ಅವರ ಹತ್ತಿರ ಗಂಟಲು ಬಿಟ್ಟರೆ ಏನಿದೆ? ತೋಟದ ಆಚೆ ಹಾಡು ಕೇಳುತ್ತಿದ್ದಂತೆ ಮನೆಯವರು ಎದ್ದು ದೀಪಕ್ಕೆ ಎಣ್ಣೆ ತೆಗೆದಿಡುತ್ತಾರೆ. ದೂರ ದೂರದ ಮನೆಗಳ ಊರಿಗೆ ಹೀಗೆ ನಡೆದುಕೊಂಡು ಬರುವ ಸದ್ದು ಬೇಕು.

ಹಾಗಂತ ಡೊಳ್ಳನ್ನು ಬಿಡಲು ನನಗೆ ಮನಸ್ಸಿಲ್ಲ. 2023ರಲ್ಲಿ ಸಾಗರದ ಕಡೆಯ ಒಂದು ಮಹಿಳಾ ತಂಡವನ್ನು ಕರೆಸಿದೆವು. ದಾರಿಯಲ್ಲಿ ನಡೆಸಲಿಲ್ಲ. ಹೊರಡುವ ಮೊದಲು ಶಾಲೆ ಬಯಲಿನಲ್ಲಿ ಒಂದು ಗಂಟೆ, ಸುತ್ತು ಕಟ್ಟಿ. ಸೀರೆ ಕಚ್ಚೆ ಕಟ್ಟಿ ಆ ಹೆಣ್ಣುಮಕ್ಕಳು ಬಾರಿಸಿದ್ದನ್ನು ನೋಡಿ ನಮ್ಮೂರಿನ ಹೆಂಗಸರು, ಯಾವಾಗಲೂ ಬದಿಯಲ್ಲಿ ನಿಲ್ಲುವವರು, ಒಬ್ಬೊಬ್ಬರಾಗಿ ಒಳಗೆ ಬಂದರು. ನನ್ನ ಅತ್ತಿಗೆ ಒಂದು ಡೊಳ್ಳು ಇಸಿದುಕೊಂಡು ನಾಲ್ಕು ಪೆಟ್ಟು ಹಾಕಿದರು. ಈಗ ಸ್ವಸಹಾಯ ಸಂಘದಲ್ಲಿ ಡೊಳ್ಳು ಕಲಿಯುವ ಮಾತು ನಡೆದಿದೆ. ಡೊಳ್ಳಿಗೆ ಬಯಲು, ದಾರಿಗೆ ವಾಲಗ ಎಂಬ ಏರ್ಪಾಡು ಅಲ್ಲಿಂದ ಬಂತು. 2024ರಲ್ಲೂ ಅದನ್ನೇ ಮಾಡಿದೆವು. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಮೆರವಣಿಗೆ ನಮ್ಮೂರಲ್ಲಿ ಆಗಿಲ್ಲ.

ರಾತ್ರಿ ಕಾರ್ಯಕ್ರಮದ ವಿಷಯವೂ ಕೇಳುತ್ತಾರೆ. ರಸಮಂಜರಿ ಒಂದು ವರ್ಷ ಮಾಡಿಸಿದೆವು. ಹಾಡುವವರು ಚೆನ್ನಾಗಿದ್ದರು, ಮಕ್ಕಳಿಗೆ ಖುಷಿ. ಆದರೆ ಅದೇ ಹಾಡುಗಳನ್ನು ಮೊಬೈಲಿನಲ್ಲೂ ಕೇಳುತ್ತೇವೆ. ಮಾರನೇ ದಿನ ಯಾರೂ ಅದರ ಮಾತು ಎತ್ತಲಿಲ್ಲ. ಯಕ್ಷಗಾನ ಬಯಲಾಟಕ್ಕೆ ಈ ಕಾಲ ಸಲ್ಲದು, ಮೇಳಗಳ ತಿರುಗಾಟ ಮಳೆ ಕಳೆದ ಮೇಲೆ. ತಾಳಮದ್ದಲೆ ಮಾತ್ರ ಮಳೆಗಾಲಕ್ಕೆಂದೇ ಹುಟ್ಟಿದ ಹಾಗಿದೆ. ಯಕ್ಷಗಾನದ ಕಥೆಯನ್ನೇ ಕೂತು ಹಾಡು, ಮಾತಿನಲ್ಲಿ ನಡೆಸುವುದು. ವೇಷ ಬೇಡ, ರಂಗಸ್ಥಳ ಬೇಡ. ಭಾಗವತರು, ಮದ್ದಲೆ, ಚಂಡೆ, ನಾಲ್ಕು ಜನ ಅರ್ಥ ಹೇಳುವವರು, ಒಂದು ಜಮಖಾನ.

2024ರಲ್ಲಿ ಅದನ್ನು ಶಾಲೆಯಲ್ಲಿ ಇಟ್ಟುಕೊಂಡೆವು. ತಗಡಿನ ಮಾಡು. ಮಳೆ ಹೊಡೆಯಲು ಶುರುವಾದ ಮೇಲೆ ಒಂದು ಮಾತೂ ಕೇಳಲಿಲ್ಲ. ಮಾತೇ ಎಲ್ಲಾ ಆಗಿರುವ ಕಲೆಗೆ ಅದಕ್ಕಿಂತ ತೊಂದರೆ ಬೇರೆ ಇಲ್ಲ. ಅರ್ಧದಲ್ಲಿ ಎದ್ದು ಎಲ್ಲರೂ ಮೇಲಿನಮನೆಗೆ ಹೋದೆವು. ಅಲ್ಲಿ ಹಂಚಿನ ಮಾಡು, ಮರದ ಅಟ್ಟ, ಉದ್ದದ ಜಗಲಿ. ಮಳೆ ಹೊರಗೇ ಉಳಿಯಿತು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುವ ಭಾಗ. ವಾಲಿಯ ಅರ್ಥ ಹೇಳಿದವರು ಬರೆದು ತಂದದ್ದು ಏನೂ ಇಲ್ಲ, ರಾಮನ ಒಂದೊಂದು ಮಾತಿಗೂ ಅಲ್ಲೇ ಹುಟ್ಟಿದ ಉತ್ತರ. ದೊಡ್ಡಮ್ಮ ಕಂಬಕ್ಕೆ ಒರಗಿ ಕೂತಿದ್ದರು. ನಡುವೆ ಒಂದು ಸಲ "ಹೌದು ಮತ್ತೆ, ಮರೆಯಲ್ಲಿ ನಿಂತು ಹೊಡೆಯದು ಎಂತ ನ್ಯಾಯ" ಅಂದರು. ಅರ್ಥಧಾರಿಗಳು ಅದನ್ನೂ ಮಾತಿಗೆ ಸೇರಿಸಿಕೊಂಡರು. ರಾತ್ರಿ ಒಂದೂವರೆಗೆ ಮುಗಿಯಿತು. ಒಬ್ಬರೂ ಎದ್ದು ಹೋಗಿರಲಿಲ್ಲ. ಮೈಕ್ ಇರಲಿಲ್ಲ, ಬೇಕೂ ಆಗಲಿಲ್ಲ.

ಅಗಲದ ರಸ್ತೆ, ದೊಡ್ಡ ಬಯಲು ಇರುವ ಊರಿನವರು ಕಣ್ಣು ಮುಚ್ಚಿ ಡೊಳ್ಳು ಕರೆಸಿ. ದೇವಸ್ಥಾನದ ಅಂಗಳದಲ್ಲಿ ಕೂತು ಕೇಳುವುದಾದರೆ ಚೆಂಡೆ. ಒಂದೇ ಸಮ ಮಳೆ ಇದ್ದು, ಹುಡುಗರು ಕುಣಿಯಲೇಬೇಕು ಅಂದರೆ ನಾಸಿಕ್ ಬ್ಯಾಂಡ್. ನಮ್ಮಂಥ ತೋಟದ ನಡುವಿನ ಊರಿಗೆ ವಾಲಗ, ಜೊತೆಗೆ ಜಗಲಿಯಲ್ಲಿ ತಾಳಮದ್ದಲೆ. ಒಳ್ಳೆಯ ವಾಲಗದವರಿಗೆ ಚೌತಿ ಹೊತ್ತಿಗೆ ಬಿಡುವು ಇರುವುದಿಲ್ಲ. ಆಷಾಢದಲ್ಲೇ ಮುಂಗಡ ಕೊಟ್ಟುಬಿಡಿ. ಊಟ ಮೆರವಣಿಗೆಗೆ ಮೊದಲು ಹಗುರವಾಗಿ ಇರಲಿ, ಹೊಟ್ಟೆ ತುಂಬಿ ಊದಲು ಕಷ್ಟ ಅಂತ ಅವರೇ ಹೇಳಿದ್ದು. ಒಣ ಟವೆಲ್, ಬಿಸಿ ನೀರು ಗಾಡಿಯಲ್ಲಿ ಇಟ್ಟುಕೊಂಡಿರಿ.

ಈ ಸಲದ ವಾಲಗಕ್ಕೆ ಮುಂಗಡ ಕೊಟ್ಟಾಗಿದೆ. ಹೇಳಿ ಬರೋಣ ಅಂತ ಮೊನ್ನೆ ಮೇಲಿನಮನೆಗೆ ಹೋಗಿದ್ದೆ. ದೊಡ್ಡಮ್ಮ ಅಡಿಕೆ ಹೋಳು ಮಾಡುತ್ತಾ ಕೂತಿದ್ದರು. "ಡೋಲಿನವರಿಗೆ ಒಂದು ಮಾತು ಹೇಳಾ" ಅಂದರು. "ಏರಲ್ಲಿ ಅವಸರ ಮಾಡದು ಬೇಡ. ಈ ವರ್ಷ ನಂಗೆ ಕಾಲು ಗಂಟೆ ಸಾಲದಿಲ್ಲ."