ಕುಂದವಾಡ ಕೆರೆ ದಂಡೆ: ಗಾಡಿ, ಶೆಡ್, ಯೋಗ ತರಗತಿಗೆ ಇರುವ ನಿಯಮಗಳ ವಿಮರ್ಶೆ

ಭದ್ರಾ ನಾಲೆಯಿಂದ ಬಂದು ಕುಂದವಾಡ ಕೆರೆಯಲ್ಲಿ ನಿಲ್ಲುವ ನೀರೇ ದಾವಣಗೆರೆಯ ನಲ್ಲಿಗಳಿಗೂ ಹೋಗುತ್ತದೆ. ಹಾಗಾಗಿ ಅದರ ದಂಡೆಯಲ್ಲಿ ಮಂಡಕ್ಕಿ-ಮಿರ್ಚಿ ಗಾಡಿ ಎಲ್ಲಿ ನಿಲ್ಲಬೇಕು, ವಾಕಿಂಗ್ ಬರುವವರಿಗೆ ಯಾವ ಕಾರ್ಯಕ್ರಮ ನಡೆಸಬಹುದು ಎಂಬುದರಲ್ಲಿ ಬಿಗಿ ಇರಲೇಬೇಕು. ಬೀದಿ ವ್ಯಾಪಾರಿ ಪ್ರಮಾಣಪತ್ರ ಮತ್ತು ಕೆರೆ ಕಾಯ್ದೆ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ, ನಿಯಮ ಚೆನ್ನಾಗಿಯೇ ಇದೆ. ಆದರೆ ಗಡಿ ನೆಲದ ಮೇಲೆ ಕಾಣದಿದ್ದರೆ ಪೆಟ್ಟು ತಿನ್ನುವವರು ದಿನದ ದುಡಿಮೆಯ ವ್ಯಾಪಾರಿಗಳು.

ರಾಜ್ಯದ 2014ರ ಕೆರೆ ಸಂರಕ್ಷಣಾ ಕಾಯ್ದೆ ಕೆರೆಯ ಹೊರಗಡಿಯಿಂದ 30 ಮೀಟರ್ ಒಳಗೆ ಮನೆ, ವಾಣಿಜ್ಯ ಕಟ್ಟಡ, ಮನರಂಜನಾ ಸಂಕೀರ್ಣ ಯಾವುದನ್ನೂ ಕಟ್ಟದಂತೆ ತಡೆಯಿತು. ಅಳತೆ ಶುರುವಾಗುವುದು ಸರ್ವೆ ನಕ್ಷೆಯ ಗಡಿಯಿಂದ. ಬೇಸಿಗೆಯಲ್ಲಿ ನೀರು ಸರಿದು ಖಾಲಿ ಬಿದ್ದ ಅಂಗಳವೂ ಕೆರೆಯೇ, ಎಡವುವುದು ಇಲ್ಲೇ. ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಜಾಗದಲ್ಲಿ ನಿಂತರೆ ಸರ್ವೆ ನಂಬರ್ ಸಿಗುತ್ತದೆ. ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದು ಮಾಮೂಲು, ಹಾಗಾಗಿ ಅದನ್ನೇ ನಂಬಿ ಕೂರಬೇಡಿ. ತಕರಾರು ಬಂದರೆ ನಿಲ್ಲುವುದು ಭೂಮಾಪಕರು ಅಳೆದು ಗಡಿ ಗುರುತಿಸಿ ಮಾಡಿದ ಹದ್ದುಬಸ್ತು. ಗಡಿಕಲ್ಲು ಸಿಕ್ಕಿದರೆ ಅಲ್ಲಿಂದ 100 ಅಡಿ ಟೇಪನ್ನು ಪೂರ್ತಿ ಎಳೆಯಿರಿ, 30.48 ಮೀಟರ್ ಆಗುತ್ತದೆ. ಗಾಡಿ ಅದರಾಚೆ ನಿಲ್ಲಲಿ. ಈ 30 ಮೀಟರ್ ಗೆರೆಗೆ ಹಳದಿ ಬಣ್ಣದ ಕಲ್ಲು ನೆಟ್ಟು, ಪಕ್ಕದಲ್ಲೊಂದು ಕನ್ನಡ ಫಲಕ ಹಾಕಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಗಾಡಿ ಶೆಡ್ ಆಗುವುದು ಒಂದೇ ದಿನದಲ್ಲಲ್ಲ. ಮೊದಲು ಚಕ್ರ ಬಿಚ್ಚಿ ಇಟ್ಟಿಗೆ ಮೇಲೆ ಕೂರಿಸುತ್ತಾರೆ. ಆಮೇಲೆ ಪಕ್ಕಕ್ಕೆ ಟಾರ್ಪಾಲು, ಮಳೆಗಾಲಕ್ಕೆ ತಗಡು, ತಗಡು ಹಾರದಂತೆ ನಾಲ್ಕು ಆಂಗಲ್, ಆಂಗಲ್ ಅಲುಗದಂತೆ ಬುಡಕ್ಕೆ ಕಾಂಕ್ರೀಟ್. ಅಷ್ಟು ಹೊತ್ತಿಗೆ ಅದು ಒತ್ತುವರಿ ಎನಿಸಿಕೊಂಡಿರುತ್ತದೆ, ತೆರವಿಗೆ ಜೆಸಿಬಿ ಬಂದಾಗ ವಾದಿಸಲು ಏನೂ ಉಳಿದಿರುವುದಿಲ್ಲ. ರಾತ್ರಿ ತಳ್ಳಿಕೊಂಡು ಹೋಗಲು ಬರುವ ಗಾಡಿಯೇ ಕೆರೆಗೂ ಕ್ಷೇಮ, ವ್ಯಾಪಾರಿಗೂ ಕ್ಷೇಮ.

ಬೀದಿ ವ್ಯಾಪಾರಿಗಳ ಕಾಯ್ದೆಯೂ 2014ರದ್ದೇ, ಬಡವರ ಪರ ನಿಂತ ಗಟ್ಟಿ ಕಾಯ್ದೆ. ವ್ಯಾಪಾರದ ಜಾಗ, ಪ್ರಮಾಣಪತ್ರದ ವಿಷಯ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಎತ್ತಂಗಡಿಗೆ ಮುಂಚೆ 30 ದಿನಗಳ ನೋಟಿಸ್ ಕೊಡಬೇಕು. ಸರಕು ವಶಪಡಿಸಿಕೊಂಡರೆ ಸಹಿ ಹಾಕಿದ ಪಟ್ಟಿ ಕೊಡಬೇಕು. ಶುಲ್ಕ ಕಟ್ಟಿ ಕೇಳಿದರೆ ಬೇಗ ಕೆಡುವಂಥದ್ದು ಅದೇ ದಿನ, ಮಿಕ್ಕಿದ್ದು ಎರಡು ಕೆಲಸದ ದಿನಗಳಲ್ಲಿ ವಾಪಸ್. ಆ ಪಟ್ಟಿಯಲ್ಲಿ ‘ಗಾಡಿ ಮತ್ತು ಸಾಮಾನು’ ಎಂದು ಒಂದೇ ಸಾಲು ಗೀಚಿದರೆ ಒಪ್ಪಬೇಡಿ. ಬಾಣಲೆ, ಸ್ಟೌ, ಸಿಲಿಂಡರ್, ತಕ್ಕಡಿ ಒಂದೊಂದನ್ನೂ ಬರೆಸಿ. ಪ್ರಮಾಣಪತ್ರದ ಅರ್ಜಿಯಲ್ಲಿ ಜಾಗ ಹೇಳುವಾಗಲೂ ‘ಕೆರೆ ಹತ್ತಿರ’ ಸಾಲದು. ರಸ್ತೆ, ಹತ್ತಿರದ ಗೇಟು, ಲೈಟುಕಂಬದ ನಂಬರ್ ಇರಲಿ.

ಆಹಾರ ಮಾರುವವರಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮಗಳೂ ಅನ್ವಯಿಸುತ್ತವೆ. ಮಂಡಕ್ಕಿಯನ್ನು ಹಳೇ ಪೇಪರಿನಲ್ಲಿ ಕೊಡುವುದಂತೂ ನಿಲ್ಲಲೇಬೇಕು. ಮಿರ್ಚಿಯ ಬಿಸಿ ಎಣ್ಣೆಗೆ ಶಾಯಿ ಬಿಡುತ್ತದೆ, ತಿಂದು ಎಸೆದ ಪೇಪರ್ ಗಾಳಿಗೆ ಹಾರಿ ನೀರಿಗೇ ಬೀಳುತ್ತದೆ. ಮುತ್ತುಗದ ಎಲೆ ಅಥವಾ ಸ್ಟೀಲ್ ತಟ್ಟೆ ಸಾಕು. ಕರಿದು ಉಳಿದ ಎಣ್ಣೆಯನ್ನು ಮಳೆನೀರಿನ ಚರಂಡಿಗೆ ಸುರಿದರೆ ಅದು ನೀರಿನ ಮೇಲೆ ಪದರ ಕಟ್ಟಿ ಗಾಳಿಯಾಡದಂತೆ ಮಾಡುತ್ತದೆ. ಮುಚ್ಚಳವಿರುವ ಕ್ಯಾನ್ ಗಾಡಿಯಲ್ಲೇ ಇರಲಿ.

ಇನ್ನು ಕಾರ್ಯಕ್ರಮಗಳು. ಯೋಗ, ನಗೆಕೂಟ, ಹಿರಿಯರ ನಡಿಗೆ ಇವಕ್ಕೆಲ್ಲ ಜಮಖಾನ ಹಾಸಿದರೆ ಆಯಿತು. ತೊಂದರೆ ಮೈಕಿನದು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಹಚ್ಚುವಂತಿಲ್ಲ. ಐದೂವರೆಗೆ ಶುರುವಾಗುವ ತರಗತಿ ಬಾಯಿಮಾತಲ್ಲೇ ನಡೆಯಬೇಕು. ಮಕ್ಕಳಿಗೆ ಈ ಕೆರೆಯಲ್ಲಿ ಎಲ್ಲಕ್ಕಿಂತ ಒಳ್ಳೆಯದು ಚಳಿಗಾಲದ ಹಕ್ಕಿ ವೀಕ್ಷಣೆ: ಒಂದೆರಡು ಬೈನಾಕ್ಯುಲರ್, ಹಕ್ಕಿ ಬಲ್ಲ ಒಬ್ಬ ಮೇಷ್ಟ್ರು, ಹತ್ತು-ಹದಿನೈದು ಮಕ್ಕಳು. ಗುಂಪು ಇದಕ್ಕಿಂತ ದೊಡ್ಡದಾದರೆ ಹಕ್ಕಿಗಳು ಎದ್ದು ಹೋಗುತ್ತವೆ. ವೇದಿಕೆ, ಜಿಮ್ ಶೆಡ್, ಬಣ್ಣದ ದೀಪ ಬೇಕೆನ್ನುವವರು ಅರ್ಜಿಯನ್ನು ತಮ್ಮ ಬಡಾವಣೆಯ ಪಾರ್ಕಿಗೆ ಹಾಕಲಿ.