ಸಾಲಿಸ್‌ಬರಿ ಆಕ್ಸಲ್ ಕೊಳ್ಳುವ ಮುನ್ನ ಸುತ್ತು ಎಣಿಸಿ: ಒಂದು ಲ್ಯಾಂಡ್ ರೋವರ್ ಮುಂಭಾಗ ಒಡೆದುಕೊಂಡ ಬಗೆ

ಹಳೆಯ ಸೀರೀಸ್ ಲ್ಯಾಂಡ್ ರೋವರ್‌ಗೆ ಗಟ್ಟಿ ಆಕ್ಸಲ್ (ಚಕ್ರದ ಅಚ್ಚು) ಕೂರಿಸಬೇಕು ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಈಗಾಗಲೇ ಕೂರಿಸಿದ್ದರೆ, ಓದಿ ಮುಗಿಸುವ ತನಕ ಫೋರ್ ವೀಲ್ ಡ್ರೈವ್‌ನ ಹಳದಿ ನಾಬ್ ಒತ್ತಬೇಡಿ, ಕೆಂಪು ಲಿವರ್ ಎಳೆಯಬೇಡಿ.

ಬ್ರಿಟನ್ನಿನ ವೇಲ್ಸ್‌ನಲ್ಲಿ ಕಲ್ಲುದಾರಿಯಲ್ಲಿ ಓಡುತ್ತಿದ್ದ ಗಾಡಿ ಇದು. 1974ರ ಸೀರೀಸ್ 3, 88 ಇಂಚಿನ ಚಿಕ್ಕ ಚಾಸಿಸ್, 2.25 ಲೀಟರ್ ಪೆಟ್ರೋಲ್ ಎಂಜಿನ್. ಮೂಲ ರೋವರ್ ಆಕ್ಸಲ್‌ನ ಹಾಫ್ ಶಾಫ್ಟ್‌ಗೆ (ಒಂದೊಂದು ಚಕ್ರವನ್ನು ತಿರುಗಿಸುವ ದಂಡ) ಡಿಫರೆನ್ಶಿಯಲ್ (ಎರಡು ಚಕ್ರಕ್ಕೂ ಶಕ್ತಿ ಹಂಚುವ ಗೇರ್ ಜೋಡಣೆ) ಕಡೆಯ ತುದಿಯಲ್ಲಿ 10 ಸ್ಪ್ಲೈನ್, ಅಂದರೆ ಉದ್ದುದ್ದ ಹಲ್ಲು ಇರುತ್ತವೆ. ದೊಡ್ಡ ಟೈರ್ ಹಾಕಿ, ಚಕ್ರ ಕಲ್ಲಿಗೆ ಕಚ್ಚಿಕೊಂಡಾಗ ಕ್ಲಚ್ ಥಟ್ಟನೆ ಬಿಟ್ಟರೆ ಅದು ಸ್ಪ್ಲೈನ್‌ನ ಬುಡದಲ್ಲೇ ತುಂಡಾಗುತ್ತದೆ. ಈ ಗಾಡಿಯಲ್ಲೂ ಪದೇ ಪದೇ ತುಂಡಾಗುತ್ತಿತ್ತು. ಹಾಗಾಗಿ ಒಡೆಯರು ಹಿಂದಕ್ಕೆ ಸಾಲಿಸ್‌ಬರಿ ಆಕ್ಸಲ್ ಹಾಕಿಸಲು ಹೊರಟರು. ಸಾಲಿಸ್‌ಬರಿ ಅಂದರೆ ಅಮೆರಿಕದ ಡಾನಾ 60 ವಿನ್ಯಾಸದ ಮೇಲೆ ಮಾಡಿದ ಭಾರೀ ಆಕ್ಸಲ್. ಉದ್ದ ಚಾಸಿಸ್‌ನ, ಅಂದರೆ 109 ಇಂಚಿನ ಸೀರೀಸ್ 3ರ ಹಿಂದೆ ಕಾರ್ಖಾನೆಯಿಂದಲೇ ಬರುತ್ತಿತ್ತು. ಹಳೇ ಬಿಡಿಭಾಗ ಮಾರುವವರೊಬ್ಬರು "109ರದ್ದು, ನೇರ ಕೂರುತ್ತೆ" ಅಂದು ಒಂದು ಕೊಟ್ಟರು. ಒಂದು ವರ್ಕ್‌ಶಾಪ್ ಅದನ್ನು ಕೂರಿಸಿತು.

109ರದ್ದು ಅನ್ನುವುದು ಸುಳ್ಳಲ್ಲ. ಆದರೆ ಅದು ಸ್ಟೇಜ್ ಒನ್ ವಿ8 ಗಾಡಿಯ ಆಕ್ಸಲ್. 1979ರಿಂದ ಬಂದ ಆ 109ಗೆ 3.5 ಲೀಟರ್‌ನ ವಿ8 ಎಂಜಿನ್, ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗೇರ್‌ಬಾಕ್ಸ್, ಮುಂದೆ ಹಿಂದೆ ಎರಡೂ ಕಡೆ 3.54:1 ಅನುಪಾತದ ಕ್ರೌನ್ ಪಿನಿಯನ್ ಗೇರ್ ಜೋಡಿ. ಅಂದರೆ ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ 3.54 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಉಳಿದ ಸೀರೀಸ್ 3 ಗಾಡಿಗಳದ್ದು 4.7:1. ಹೊರಗಿನಿಂದ ನೋಡಿದರೆ ಅದೇ ಹೊಟ್ಟೆ, ಹಿಂದೆ ಅದೇ ಬೋಲ್ಟ್ ಹಾಕಿದ ಕವರ್, ಅದೇ ಕಮಾನು ಪಟ್ಟಿಯ ಸ್ಪ್ರಿಂಗ್. ಒಳಗೆ ಮಾತ್ರ ಬೇರೆ.

ಟೂ ವೀಲ್ ಡ್ರೈವ್‌ನಲ್ಲಿ ಗಾಡಿ ಓಡಿತು. ಏರಿನಲ್ಲಿ ಎಳೆಯುತ್ತಿರಲಿಲ್ಲ, ಪ್ರತಿ ಗೇರೂ ಒಂದು ಗೇರ್ ಮೇಲೆ ಇದ್ದ ಹಾಗೆ ಭಾರ. ವರ್ಕ್‌ಶಾಪಿನವರು "ಹೊಸದಾಗಿ ಕೂರಿಸಿದ್ದು, ಬಿಗಿ ಇದೆ, ಓಡ್ತಾ ಓಡ್ತಾ ಸಡಿಲ ಆಗುತ್ತೆ" ಅಂದರು. ಸ್ಪೀಡೋಮೀಟರ್ ನಿಜ ಹೇಳುತ್ತಿತ್ತು, ಕೇಳುವವರಿರಲಿಲ್ಲ. ಸೀರೀಸ್ ಗಾಡಿಯಲ್ಲಿ ಸ್ಪೀಡೋ ಕೇಬಲ್ ಟ್ರಾನ್ಸ್‌ಫರ್ ಬಾಕ್ಸಿನಿಂದ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಕಳಿಸುವ ಪೆಟ್ಟಿಗೆ) ಬರುತ್ತದೆ. ಅದು ಅಳೆಯುವುದು ಪ್ರೊಪೆಲ್ಲರ್ ಶಾಫ್ಟಿನ ವೇಗವನ್ನು, ಚಕ್ರದ್ದಲ್ಲ. ಹಿಂದೆ 4.7 ಬದಲು 3.54 ಬಂದಾಗ ಗಾಡಿ ನಿಜಕ್ಕೂ 40 ಮೈಲಿ ವೇಗದಲ್ಲಿದ್ದರೂ ಮುಳ್ಳು 30ರಲ್ಲಿ ನಿಲ್ಲುತ್ತದೆ. ಫೋನಿನ ಜಿಪಿಎಸ್ ಜೊತೆ ಒಮ್ಮೆ ಹೋಲಿಸಿದ್ದರೆ ಅಲ್ಲಿಗೇ ಗೊತ್ತಾಗುತ್ತಿತ್ತು.

ಆಮೇಲೆ ಒದ್ದೆ ಕಲ್ಲುದಾರಿಯಲ್ಲಿ ಹಳದಿ ನಾಬ್ ಒತ್ತಿದರು. ಸೀರೀಸ್ ಗಾಡಿಯ ಟ್ರಾನ್ಸ್‌ಫರ್ ಬಾಕ್ಸಿನಲ್ಲಿ ನಡುವಿನ ಡಿಫರೆನ್ಶಿಯಲ್ ಇಲ್ಲ. ಫೋರ್ ವೀಲ್ ಹಾಕಿದೊಡನೆ ಮುಂದಿನ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಎರಡೂ ಒಂದಕ್ಕೊಂದು ಬೆಸೆದ ಹಾಗೆ ಒಂದೇ ವೇಗದಲ್ಲಿ ತಿರುಗುತ್ತವೆ. ಲೆಕ್ಕ ಹಾಕಿ ನೋಡಿ: 4.7 ಭಾಗಿಸು 3.54, ಸುಮಾರು 1.33. ಮುಂಚಕ್ರ 3 ಸುತ್ತು ಹಾಕುವಷ್ಟರಲ್ಲಿ ಹಿಂಚಕ್ರ 4 ಸುತ್ತು ಹಾಕಬೇಕು. ಹಿಂದಿನದು ತಳ್ಳುತ್ತದೆ, ಮುಂದಿನದು ಬ್ರೇಕ್ ಹಿಡಿದಂತೆ ಎಳೆಯುತ್ತದೆ. ಕೆಸರಿನಲ್ಲಾದರೆ ಟೈರ್ ಜಾರಿ ಹೇಗೋ ಹೊಂದಿಕೊಳ್ಳುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಮೂತಿ ತಿರುಗದೆ ನೇರ ಉಳುತ್ತಾ ಹೋಗುತ್ತದೆ, ಅಷ್ಟೇ. ಕಲ್ಲು ಸಿಕ್ಕಿ ಟೈರ್ ಕಚ್ಚಿಕೊಂಡಾಗ ಆ ತಿರುಚು ಹೋಗಲು ಜಾಗವಿಲ್ಲ.

ಗಾಡಿ ಬಿಗಿದು ನಿಂತಿತು. ಫೋರ್ ವೀಲ್ ಬಿಡಿಸಲು ಕೆಂಪು ಲಿವರನ್ನು ಪೂರ್ತಿ ಹಿಂದಕ್ಕೆ ಎಳೆದು ಮತ್ತೆ ಮುಂದಕ್ಕೆ ತಳ್ಳಬೇಕು, ಆಗ ಹಳದಿ ನಾಬ್ ತಾನೇ ಮೇಲೇಳುತ್ತದೆ. ಇಲ್ಲಿ ಹಲ್ಲುಗಳ ಮೇಲೆ ಅಷ್ಟು ಒತ್ತಡವಿದ್ದುದರಿಂದ ಲಿವರ್ ಅಲುಗಲೇ ಇಲ್ಲ. ಇನ್ನೊಂದು ಸಲ ಕ್ಲಚ್ ಬಿಟ್ಟಾಗ ಎಡ ಮುಂಚಕ್ರದ ಹಾಫ್ ಶಾಫ್ಟಿನ ಯುನಿವರ್ಸಲ್ ಜಾಯಿಂಟ್ ಸಿಡಿಯಿತು. ಯೋಕ್‌ನ (ಜಾಯಿಂಟಿನ ಕವಲು) ಕಿವಿ ಮುರಿದು, ಆ ಚೂರು ಒಳಗಿನಿಂದ ಬಡಿದು ಸ್ವಿವೆಲ್ ಬಾಲ್ (ಮುಂಚಕ್ರ ಅತ್ತಿತ್ತ ಹೊರಳುವ ಗೋಳ) ಸೀಳಿತು. ಮುಂದಿನ ಡಿಫರೆನ್ಶಿಯಲ್ ಬಿಚ್ಚಿದಾಗ ಪಿನಿಯನ್‌ನ ಹಲ್ಲುಗಳ ಅಂಚು ಚೆಕ್ಕೆ ಎದ್ದಿತ್ತು. ಗಟ್ಟಿ ಮಾಡಿದ್ದು ಹಿಂದೆ, ಒಡೆದದ್ದು ಮುಂದೆ.

ಇದನ್ನು ತಪ್ಪಿಸಲು ಬೇಕಾದ್ದು ಒಂದು ಸೀಮೆಸುಣ್ಣ. ಆಕ್ಸಲ್ ಇನ್ನೂ ನೆಲದ ಮೇಲಿದ್ದರೆ ಒಂದು ಕಡೆಯ ಹಬ್ (ಚಕ್ರ ಬಿಗಿಯುವ ಭಾಗ) ಅಲುಗದಂತೆ ಕಟ್ಟಿ. ಇನ್ನೊಂದು ಹಬ್ಬಿಗೂ ಪಿನಿಯನ್ ಫ್ಲಾಂಜಿಗೂ (ಪ್ರೊಪೆಲ್ಲರ್ ಶಾಫ್ಟ್ ಸೇರುವ ತಟ್ಟೆ) ಗುರುತು ಹಾಕಿ. ಬಿಟ್ಟಿರುವ ಹಬ್ಬನ್ನು 20 ಸುತ್ತು ತಿರುಗಿಸಿ, ಫ್ಲಾಂಜ್ ಎಷ್ಟು ಸುತ್ತು ತಿರುಗಿತು ಎಣಿಸಿ. ಒಂದು ಕಡೆ ಹಿಡಿದಿರುವುದರಿಂದ ಹಬ್ಬಿನ 20 ಸುತ್ತು ಅಂದರೆ ಕ್ರೌನ್ ವೀಲಿನ 10 ಸುತ್ತು. ಫ್ಲಾಂಜ್ 47 ಸುತ್ತು ಬಂದರೆ 4.7, 35 ದಾಟಿ ಇನ್ನರ್ಧಕ್ಕೆ ಹತ್ತಿರ ಬಂದರೆ 3.54. ಬರೀ ಎರಡು ಸುತ್ತು ತಿರುಗಿಸಿದರೂ ಅಂದಾಜು ಸಿಗುತ್ತದೆ, ಆದರೆ ಹಳೇ ಆಕ್ಸಲ್‌ನಲ್ಲಿ ಸಡಿಲು ಇರುವುದರಿಂದ 20 ಸುತ್ತೇ ಲೇಸು. ಮಾರುವವರು ಇದಕ್ಕೆ ಒಪ್ಪದಿದ್ದರೆ ಆ ಆಕ್ಸಲ್ ಬೇಡ.

ಗಾಡಿಯಲ್ಲಿ ಕೂರಿಸಿದ ಮೇಲೆ ಎಣಿಸುವುದಾದರೆ ಒಂದು ಅಪಾಯ ನೆನಪಿಡಿ. ಸೀರೀಸ್ ಗಾಡಿಯ ಹ್ಯಾಂಡ್‌ಬ್ರೇಕ್ ಚಕ್ರಕ್ಕೆ ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಬಾಕ್ಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಡ್ರಮ್ಮಿಗೆ ಹಿಡಿಯುತ್ತದೆ. ಒಂದು ಹಿಂಚಕ್ರಕ್ಕೆ ಜಾಕಿ ಕೊಟ್ಟು ಎತ್ತಿದ ಕ್ಷಣ ಹ್ಯಾಂಡ್‌ಬ್ರೇಕ್ ಹಾಕಿದ್ದರೂ ಗಾಡಿ ಉರುಳಬಹುದು. ಎಣಿಸುವಾಗ ಹೇಗೂ ಅದನ್ನು ಬಿಟ್ಟಿರಲೇಬೇಕು. ಹಾಗಾಗಿ ಸಮತಟ್ಟು ನೆಲ, ಉಳಿದ ಮೂರೂ ಚಕ್ರಕ್ಕೆ ಎರಡೂ ಕಡೆಯಿಂದ ಕಟ್ಟೆ, ಜಾಕಿಯ ಜೊತೆಗೆ ಸ್ಟ್ಯಾಂಡ್. ಗೇರ್ ನ್ಯೂಟ್ರಲ್‌ನಲ್ಲಿರಲಿ. ಮುಂದೆ ಎಣಿಸುವಾಗ ಫ್ರೀವೀಲ್ ಹಬ್ (ಮುಂಚಕ್ರವನ್ನು ಹಾಫ್ ಶಾಫ್ಟಿನಿಂದ ಬೇರ್ಪಡಿಸಬಲ್ಲ ಹಬ್) ಇದ್ದರೆ ಲಾಕ್ ಮಾಡಿ.

ಹ್ಯಾಂಡ್‌ಬ್ರೇಕಿನ ವಿಷಯದಲ್ಲಿ ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ಅದರ ಹಿಡಿತ ಆಕ್ಸಲ್ ಅನುಪಾತದಿಂದ ಗುಣಿಸಿಕೊಂಡು ಚಕ್ರಕ್ಕೆ ಹೋಗುತ್ತದೆ. 4.7 ಇದ್ದಲ್ಲಿ 3.54 ಬಂದರೆ ಹಿಡಿತ ಸುಮಾರು ಕಾಲು ಭಾಗ ಕಡಿಮೆ. ಎರಡೂ ಕಡೆ 3.54 ಹಾಕಿಸಿ ಹೆದ್ದಾರಿಯಲ್ಲಿ ಆರಾಮಾಗಿ ಓಡಿಸುವವರಿಗೂ ಇಳಿಜಾರಿನಲ್ಲಿ ನಿಲ್ಲಿಸುವಾಗ ಇದು ಅನ್ವಯಿಸುತ್ತದೆ.

ಅನುಪಾತ ಸರಿ ಇದ್ದಿದ್ದರೂ ಆ ಗಾಡಿ ಸುರಕ್ಷಿತವಾಗಿರಲಿಲ್ಲ. ಕಾರಣ ಬ್ರೇಕ್. ಆ 88ರಲ್ಲಿ ನಾಲ್ಕೂ ಕಡೆ 10 ಇಂಚಿನ ಡ್ರಮ್. 109ರ ಸಾಲಿಸ್‌ಬರಿ ಬರುವುದು 11 ಇಂಚಿನ ಡ್ರಮ್ ಜೊತೆ. ಮುಂದೆ 10, ಹಿಂದೆ 11 ಮಾಡಿದರೆ ಬ್ರೇಕಿನ ಸಮತೋಲ ತಲೆಕೆಳಗಾಗುತ್ತದೆ. ಬ್ರೇಕ್ ತುಳಿದಾಗ ಭಾರ ಮುಂದಕ್ಕೆ ಬೀಳುತ್ತದೆ, ಹಿಂಭಾಗ ಹಗುರಾಗುತ್ತದೆ, ಆ ಹಗುರ ತುದಿಯಲ್ಲೇ ದೊಡ್ಡ ಡ್ರಮ್. ಒದ್ದೆ ರಸ್ತೆಯಲ್ಲಿ ಹಿಂಚಕ್ರ ಮೊದಲು ಲಾಕ್ ಆಗಿ, ಚಿಕ್ಕ ಚಾಸಿಸ್‌ನ ಗಾಡಿ ಅಡ್ಡ ತಿರುಗುತ್ತದೆ. ಸಾಲಿಸ್‌ಬರಿ ಹಾಕುವವರು 109ರ ಮುಂದಿನ 11 ಇಂಚಿನ ಬ್ಯಾಕ್‌ಪ್ಲೇಟ್, ಶೂ, ಡ್ರಮ್ ಕೂಡ ಹಾಕಲೇಬೇಕು. ಅದಕ್ಕೆ 109ರ ದೊಡ್ಡ ಮಾಸ್ಟರ್ ಸಿಲಿಂಡರೂ ಬೇಕು, ಇಲ್ಲದಿದ್ದರೆ ಪೆಡಲ್ ಆಳಕ್ಕೆ ಇಳಿಯುತ್ತದೆ. ಈ ಖರ್ಚನ್ನು ಆಕ್ಸಲ್ ಬೆಲೆಗೆ ಸೇರಿಸಿಯೇ ನಿರ್ಧರಿಸಿ.

ಪ್ರೊಪೆಲ್ಲರ್ ಶಾಫ್ಟ್ ಹಳೆಯದನ್ನೇ ಬಳಸಿದ್ದರು, ಅದೂ ತಪ್ಪು. ಸಾಲಿಸ್‌ಬರಿಯ ಮೂತಿ ರೋವರ್ ಆಕ್ಸಲ್‌ಗಿಂತ ಉದ್ದ, 88ರ ಹಿಂದಿನ ಶಾಫ್ಟ್ ಮೊದಲೇ ಗಿಡ್ಡ. ಹಳೇ ಶಾಫ್ಟ್ ತುರುಕಿದಾಗ ಜಾರುವ ಸ್ಪ್ಲೈನ್ ಪೂರ್ತಿ ಒಳಗೆ ಹೋಗಿ ತಳ ಮುಟ್ಟುತ್ತದೆ, ಗುಂಡಿಗೆ ಬಿದ್ದಾಗಲೆಲ್ಲ ಆ ಹೊಡೆತ ನೇರ ಟ್ರಾನ್ಸ್‌ಫರ್ ಬಾಕ್ಸಿನ ಬೇರಿಂಗಿಗೆ. ಆಕ್ಸಲನ್ನು ಬಂಪ್ ಸ್ಟಾಪಿನ (ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ತುಂಡು) ತನಕ ಮೇಲೆತ್ತಿ, ಪೂರ್ತಿ ಕೆಳಗೆ ಜೋತು ಬಿಟ್ಟು, ಎರಡೂ ಸ್ಥಿತಿಯಲ್ಲಿ ಅಳೆದು ಶಾಫ್ಟ್ ಗಿಡ್ಡ ಮಾಡಿಸಿ ಬ್ಯಾಲೆನ್ಸ್ ಮಾಡಿಸಬೇಕು. ಒತ್ತಿದಾಗಲೂ 20 ಮಿಲಿಮೀಟರ್ ಜಾರಲು ಜಾಗ ಉಳಿಯಲಿ.

ಸ್ಪ್ರಿಂಗ್ ಪ್ಯಾಡ್ (ಆಕ್ಸಲ್ ಮೇಲೆ ಸ್ಪ್ರಿಂಗ್ ಕೂರುವ ತಟ್ಟೆ) ಬೆಸುಗೆ ಹಾಕುವ ಮೊದಲು ಗಾಡಿಯ ಪೂರ್ತಿ ಭಾರ ಸ್ಪ್ರಿಂಗ್ ಮೇಲೆ ಬರಬೇಕು. ಗಾಳಿಯಲ್ಲಿ ತೂಗುತ್ತಿರುವಾಗ ಕೋನ ಹಿಡಿದರೆ ಇಳಿಸಿದ ಮೇಲೆ ಅದು ಬೇರೆಯೇ. ಪಿನಿಯನ್ ಫ್ಲಾಂಜ್ ಮತ್ತು ಟ್ರಾನ್ಸ್‌ಫರ್ ಬಾಕ್ಸಿನ ಫ್ಲಾಂಜ್ ಪರಸ್ಪರ ಸಮಾನಾಂತರವಾಗಿರಬೇಕು, ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ವೇಗದಲ್ಲಿ ಗಾಡಿ ನಡುಗುತ್ತದೆ. ನಡುವಿನ ಎರಕದ ಹೊಟ್ಟೆಗೆ ಬೆಸುಗೆ ಮುಟ್ಟಿಸಬೇಡಿ. ಟ್ಯೂಬಿಗೆ ಹಾಕುವಾಗಲೂ ಚಿಕ್ಕ ಚಿಕ್ಕ ತುಂಡಾಗಿ, ಎದುರು ಬದುರಾಗಿ, ನಡುವೆ ತಣಿಯಲು ಬಿಟ್ಟು ಹಾಕಿ. ಒಂದೇ ಸಮ ಎಳೆದರೆ ಟ್ಯೂಬ್ ಬಾಗಿ ಹಬ್ಬಿನ ಸೀಲ್ ಸೋರಲು ಶುರುವಾಗುತ್ತದೆ.

ಇಷ್ಟೆಲ್ಲ ಬೇಕೇ ಅಂತ ಕೇಳಿದರೆ, 88ಗೆ ಬೇಡ ಅನ್ನುವುದೇ ನಮ್ಮ ಗಟ್ಟಿ ಅಭಿಪ್ರಾಯ. ಸಾಲಿಸ್‌ಬರಿ ಭಾರ, ಅದರ ಹೊಟ್ಟೆ ಕೆಳಗೆ ಇಳಿದು ಕಲ್ಲಿಗೆ ತಾಗುತ್ತದೆ. ರೋವರ್ ಆಕ್ಸಲ್‌ನ ಡಿಫರೆನ್ಶಿಯಲನ್ನು ಮುಂದಿನಿಂದ ಇಡಿಯಾಗಿ ಬಿಚ್ಚಿ ಇನ್ನೊಂದು ಕೂರಿಸಬಹುದು. ಸಾಲಿಸ್‌ಬರಿಯದ್ದು ಹೌಸಿಂಗ್‌ನಲ್ಲೇ (ಹೊರಕವಚ) ಶಿಮ್ (ತೆಳು ಬಿಲ್ಲೆ) ಹಾಕಿ ಹೊಂದಿಸಿದ್ದು, ಬೇರಿಂಗ್ ಬದಲಿಸಲು ಹೌಸಿಂಗ್ ಅಗಲಿಸುವ ಸಾಧನ ಬೇಕು, ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲು) ಅಳೆಯುವ ಡಯಲ್ ಗೇಜ್ ಬೇಕು. ಮೂಲ ಹೌಸಿಂಗ್ ಉಳಿಸಿಕೊಂಡು 24 ಸ್ಪ್ಲೈನ್‌ನ ಗಟ್ಟಿ ಹಾಫ್ ಶಾಫ್ಟ್, ಅದಕ್ಕೆ ಹೊಂದುವ ನಾಲ್ಕು ಪಿನಿಯನ್‌ನ ಡಿಫರೆನ್ಶಿಯಲ್ ಹಾಕಿದರೆ ಅನುಪಾತ 4.7 ಹಾಗೇ ಉಳಿಯುತ್ತದೆ, ಬ್ರೇಕ್, ಪ್ರೊಪೆಲ್ಲರ್ ಶಾಫ್ಟ್, ಸ್ಪ್ರಿಂಗ್ ಯಾವುದನ್ನೂ ಮುಟ್ಟಬೇಕಾಗಿಲ್ಲ. 109 ಇರುವವರು, ಭಾರ ಹೊರುವವರು, ಅವರಿಗೆ ಸಾಲಿಸ್‌ಬರಿ ಸರಿಯಾದ ಆಯ್ಕೆ. 101 ಫಾರ್ವರ್ಡ್ ಕಂಟ್ರೋಲ್ ಸೇನಾ ಗಾಡಿಯ ಆಕ್ಸಲ್ ಸಿಕ್ಕಿತು ಅಂತ ಸಂತೋಷ ಪಡಬೇಡಿ. ಅದು 5.57:1, ಅಗಲವೂ ಹೆಚ್ಚು, ಚಕ್ರಕ್ಕೆ ಆರು ನಟ್.

ನಮ್ಮ ಕಡೆ ಹಳೇ ಲ್ಯಾಂಡ್ ರೋವರ್ ಇಟ್ಟುಕೊಂಡವರಿಗೆ ಮೆಕ್ಯಾನಿಕ್‌ಗಳು ಜೀಪಿನ ಆಕ್ಸಲ್ ಹಾಕೋಣ ಅನ್ನುವುದುಂಟು. ಹಳೇ ಜೀಪಿನದ್ದು 5.38:1, ಚಕ್ರದ ಬೋಲ್ಟ್ ವೃತ್ತ 139.7 ಮಿಲಿಮೀಟರ್, ಲ್ಯಾಂಡ್ ರೋವರ್‌ದು 165.1. ಒಂದೇ ತುದಿಗೆ ಹಾಕಿದರೆ ಮೇಲೆ ಹೇಳಿದ ಗತಿಯೇ. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಬದಲಾವಣೆಗೆ ಅವಕಾಶವಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಆರ್‌ಟಿಒ ಕಚೇರಿಯಲ್ಲಿ ಕೇಳದೆ ಕೈ ಹಾಕಬೇಡಿ. ಬ್ರಿಟನ್ನಿನಲ್ಲಿರುವವರು ಇನ್ಶೂರೆನ್ಸ್ ಕಂಪನಿಗೆ ಮೊದಲೇ ತಿಳಿಸಿ. ಕಮಾನು ಪಟ್ಟಿ ತೆಗೆದು ಕಾಯಿಲ್ ಸ್ಪ್ರಿಂಗ್‌ಗೆ ಹೋದರೆ 40 ವರ್ಷ ದಾಟಿದ ಗಾಡಿಗೆ ಸಿಗುವ ಎಂಒಟಿ (ಅಲ್ಲಿನ ವಾರ್ಷಿಕ ವಾಹನ ತಪಾಸಣೆ) ವಿನಾಯಿತಿ ಕೈತಪ್ಪಬಹುದು.

ಈಗಾಗಲೇ ಕೂರಿಸಿ, ಎಣಿಸಿ ನೋಡಿದಾಗ ಎರಡು ತುದಿ ಬೇರೆ ಬೇರೆ ಬಂದಿದ್ದರೆ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಡಿ. ಎರಡು ತುದಿಗೂ ನಾಲ್ಕು ನಾಲ್ಕು ಬೋಲ್ಟ್, ಅಷ್ಟೇ. ಫೋರ್ ವೀಲ್ ಹಾಕದಿದ್ದರೆ ಸಾಕು ಅಂದುಕೊಳ್ಳಬೇಡಿ. ಲೋ ರೇಂಜ್‌ಗಾಗಿ ಕೆಂಪು ಲಿವರ್ ಎಳೆದರೆ ಹಳದಿ ನಾಬ್ ಮುಟ್ಟದಿದ್ದರೂ ಮುಂಚಕ್ರಕ್ಕೆ ಶಕ್ತಿ ಹೋಗುತ್ತದೆ. ಬೇರೆಯವರು ಓಡಿಸುವಾಗ ಯಾರು ಅದನ್ನು ಎಳೆಯುತ್ತಾರೋ ಗೊತ್ತಿಲ್ಲ. ಗಾಡಿ ಈಗಾಗಲೇ ಬಿಗಿದು ನಿಂತಿದ್ದರೆ ಚಕ್ರಕ್ಕೆ ಜಾಕಿ ಕೊಟ್ಟು ಬಿಡಿಸಲು ಹೋಗಬೇಡಿ, ತಿರುಚು ಒಮ್ಮೆಲೇ ಬಿಟ್ಟುಕೊಂಡು ಚಕ್ರ ರಭಸದಿಂದ ತಿರುಗಿ ಕೈ ಮುರಿಯುತ್ತದೆ. ಎಂಜಿನ್ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಟ್ಟೆ ಕೊಟ್ಟು, ಮುಂದೆ ಫ್ರೀವೀಲ್ ಹಬ್ ಇದ್ದರೆ ಬಿಡಿಸಲು ನೋಡಿ. ಅದು ತಿರುಗದಿದ್ದರೆ ಕಟ್ಟೆ ತೆಗೆದು, ಸ್ಟಿಯರಿಂಗ್ ನೇರ ಇಟ್ಟು ಸಡಿಲ ಮಣ್ಣಿನ ಕಡೆಗೆ ನಿಧಾನ ರಿವರ್ಸ್ ಹೋಗಿ. ಟೈರ್ ಜಾರಿ ಒತ್ತಡ ಇಳಿದೊಡನೆ ಲಿವರ್ ಬಿಡಿಸಿಕೊಂಡು ಅಲ್ಲಿಯೇ ಶಾಫ್ಟ್ ಬಿಚ್ಚಿ, ಹಿಂದಿನ ಎರಡು ಚಕ್ರದ ಮೇಲೆ ಮನೆಗೆ ಬನ್ನಿ.